ಹಿಮದಲ್ಲಿ ವೀರ್ಯಾಣು ಸತ್ತಿರಲಿಲ್ಲ! ಹೈನುಗಾರರ ಮನೆ ಬಾಗಿಲಿಗೆ ಬರುವ ವೀರ್ಯ ನಳಿಕೆಗೆ 250 ವರ್ಷ ಹಿಂದೆಯೇ ಸುಳಿವು ಕೊಟ್ಟಿದ್ದ ಇಟಲಿಯ ಪಾದ್ರಿ ಸ್ಪಲ್ಲಾಂಜಾನಿ

ಬೆದೆಗೆ ಬಂದ ಹಸುವಿಗೆ ಪಶು ಆಸ್ಪತ್ರೆಯವರು ಬಂದು ಕೃತಕ ಗರ್ಭಧಾರಣೆ ಮಾಡಿ ಹೋಗಿರುತ್ತಾರೆ. 21 ದಿನ ಕಳೆಯುವಷ್ಟರಲ್ಲಿ ಹಸು ಮತ್ತೆ ಕೂಗಲು ಶುರು ಮಾಡಿದರೆ ಮನೆಮಂದಿಯ ಮುಖ ಬಾಡುತ್ತದೆ. ಗಬ್ಬ ನಿಂತಿಲ್ಲ ಎಂದರೆ ಮೂರು ವಾರದ ಮೇವು, ಹಿಂಡಿ, ಬೂಸಾ ಎಲ್ಲವೂ ನಷ್ಟದ ಲೆಕ್ಕಕ್ಕೆ ಸೇರುತ್ತದೆ. ಆಗ ಬೈಗುಳ ಬೀಳುವುದು ಹಸುವಿಗೆ, ಇಲ್ಲವೇ ಇನ್ಸೆಮಿನೇಟರ್‌ಗೆ. ಆದರೆ ಆ ಸಣ್ಣ ಪ್ಲಾಸ್ಟಿಕ್ ನಳಿಕೆಯೊಳಗೆ ಕೋಟಿಗಟ್ಟಲೆ ವೀರ್ಯಾಣುಗಳು ಏನೇನು ಅನುಭವಿಸಿ ಬಂದಿವೆ ಎಂಬುದರ ಬಗ್ಗೆ ಯಾರೂ ಅಷ್ಟಾಗಿ ಯೋಚಿಸುವುದಿಲ್ಲ.

ಮುಂಬ್ರಾದ ಚಹಾ ಅಂಗಡಿಯಿಂದ ಹಿಡಿದು ಡೊಂಬಿವಲಿಯ ಕನ್ನಡಿಗರ ಅಡುಗೆಮನೆವರೆಗೆ ಬೆಳಗಿನ ಹಾಲು ತಲುಪುವುದರ ಹಿಂದೆ ಇಂಥ ನಳಿಕೆಗಳ ದೊಡ್ಡ ಪಾಲಿದೆ. ಈ ನಳಿಕೆಯ ಇತಿಹಾಸ ಹಿಡಿದು ಹಿಂದಕ್ಕೆ ಹೋದರೆ ಒಬ್ಬ ವಿಚಿತ್ರ ಮನುಷ್ಯ ಸಿಗುತ್ತಾನೆ. ಕಪ್ಪೆಗಳಿಗೆ ಚಡ್ಡಿ ಹೊಲಿಸಿದವರು, ಬಟ್ಟೆಯ ಚೀಲಕ್ಕೆ ಆಹಾರ ತುಂಬಿ ತಾವೇ ನುಂಗಿದವರು, ವೀರ್ಯವನ್ನು ಹಿಮದಲ್ಲಿಟ್ಟು ನೋಡಿದವರು. ವೃತ್ತಿಯಲ್ಲಿ ಪ್ರಾಧ್ಯಾಪಕ, ದೀಕ್ಷೆಯಲ್ಲಿ ಕ್ರೈಸ್ತ ಪಾದ್ರಿ. ಹೆಸರು ಲಾಜ್ಜಾರೊ ಸ್ಪಲ್ಲಾಂಜಾನಿ.

ವಕೀಲನಾಗಬೇಕಿದ್ದ ಹುಡುಗ

ಸ್ಪಲ್ಲಾಂಜಾನಿ ಹುಟ್ಟಿದ್ದು 1729ರ ಜನವರಿಯಲ್ಲಿ, ಉತ್ತರ ಇಟಲಿಯ ಸ್ಕಾಂಡಿಯಾನೊ ಎಂಬ ಪುಟ್ಟ ಊರಿನಲ್ಲಿ. ಅಂದು ಅದು ಮೊಡೆನಾ ಸಂಸ್ಥಾನಕ್ಕೆ ಸೇರಿತ್ತು. ತಂದೆ ವಕೀಲರು. ಮಗನೂ ಕರಿಕೋಟು ಹಾಕಲಿ ಎಂಬುದು ಅವರ ಆಸೆ. 15ನೇ ವಯಸ್ಸಿಗೆ ಹತ್ತಿರದ ರೆಜ್ಜೊ ಪಟ್ಟಣದ ಜೆಸ್ಯೂಟ್ ಕಾಲೇಜಿಗೆ ಸೇರಿದ ಹುಡುಗನನ್ನು ಅಲ್ಲಿನ ಗುರುಗಳು ತಮ್ಮ ಸಂಘಕ್ಕೇ ಬಾ ಎಂದು ಕರೆದಿದ್ದರಂತೆ. ಹುಡುಗ ಒಪ್ಪಲಿಲ್ಲ. ಕಾನೂನು ಓದಲು ಬೊಲೊನ್ಯಾ ವಿಶ್ವವಿದ್ಯಾಲಯಕ್ಕೆ ಹೋದ.

ಅಲ್ಲಿ ಅವನ ಹಾದಿ ಬದಲಿಸಿದ್ದು ಸೋದರ ಸಂಬಂಧಿ ಲಾರಾ ಬಾಸ್ಸಿ. ಹೆಣ್ಣುಮಕ್ಕಳಿಗೆ ವಿಶ್ವವಿದ್ಯಾಲಯದ ಬಾಗಿಲೇ ಮುಚ್ಚಿದ್ದ ಕಾಲದಲ್ಲಿ, ಅದೇ ಬೊಲೊನ್ಯಾದಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ಮಹಿಳೆ ಆಕೆ. ನ್ಯೂಟನ್‌ನ ವಿಜ್ಞಾನವನ್ನು ಇಟಲಿಯಲ್ಲಿ ಹರಡಿದವರಲ್ಲಿ ಅವರೂ ಒಬ್ಬರು. ಅವರ ಪಾಠಗಳ ಮುಂದೆ ಕಾನೂನಿನ ಪುಸ್ತಕಗಳು ಹುಡುಗನಿಗೆ ಸಪ್ಪೆ ಎನಿಸಿದವು. ಪರಿಚಿತ ವಿದ್ವಾಂಸರೊಬ್ಬರಿಂದ ತಂದೆಗೆ ಹೇಳಿಸಿ ಒಪ್ಪಿಗೆ ಪಡೆದು, ಕಾನೂನು ಬಿಟ್ಟು ವಿಜ್ಞಾನಕ್ಕೆ ಬಂದರು. ಮುಂದೆ ಪಾದ್ರಿಯ ದೀಕ್ಷೆಯನ್ನೂ ಪಡೆದರು. ಆ ಕಾಲದಲ್ಲಿ ಚರ್ಚಿನ ಆಸರೆ ಎಂದರೆ ಓದಿಗೊಂದು ನೆಲೆ, ಬದುಕಿಗೊಂದು ಸಣ್ಣ ಆದಾಯ. ಜೀವನಪೂರ್ತಿ ಅವರು ಪಾದ್ರಿಯಾಗಿಯೇ ಇದ್ದರು. ಆದರೆ ಪ್ರಯೋಗದ ಮೇಜಿನ ಬಳಿ ಮಾತ್ರ ಯಾರ ಮಾತನ್ನೂ ಸುಮ್ಮನೆ ನಂಬುವ ಜಾಯಮಾನ ಅವರದ್ದಾಗಿರಲಿಲ್ಲ.

ರೆಜ್ಜೊ, ಆಮೇಲೆ ಮೊಡೆನಾದಲ್ಲಿ ಪಾಠ ಹೇಳಿದ ಅವರು 1769ರಲ್ಲಿ ಪಾವಿಯಾ ವಿಶ್ವವಿದ್ಯಾಲಯಕ್ಕೆ ನಿಸರ್ಗ ವಿಜ್ಞಾನದ ಪ್ರಾಧ್ಯಾಪಕರಾಗಿ ಬಂದರು. ಪಾವಿಯಾ ಆಗ ಆಸ್ಟ್ರಿಯಾದ ಆಳ್ವಿಕೆಯಲ್ಲಿತ್ತು. ಅಲ್ಲಿನ ವಸ್ತುಸಂಗ್ರಹಾಲಯವೂ ಅವರ ಕೈಗೇ ಬಂತು. ಮುಂದಿನ 30 ವರ್ಷ, ಸಾಯುವವರೆಗೂ, ಪಾವಿಯಾ ಅವರ ಊರಾಯಿತು.

ಶಾಲೆಯ ಜೀವಶಾಸ್ತ್ರ ಪುಸ್ತಕದಲ್ಲಿ ಅವರ ಹೆಸರು ಓದಿದವರಿಗೆ ನೆನಪಿರುವುದು ಕುದಿಸಿದ ಸಾರಿನ ಪ್ರಯೋಗ. ಕೊಳೆಯುವ ವಸ್ತುವಿನಿಂದ ಸೂಕ್ಷ್ಮ ಜೀವಿಗಳು ತಾವಾಗಿಯೇ ಹುಟ್ಟುತ್ತವೆ ಎಂದು ಇಂಗ್ಲೆಂಡಿನ ನೀಡಂ ವಾದಿಸುತ್ತಿದ್ದರು. ಸ್ಪಲ್ಲಾಂಜಾನಿ ಗಾಜಿನ ಸೀಸೆಯ ಬಾಯನ್ನು ಬೆಂಕಿಯಲ್ಲಿ ಕರಗಿಸಿ ಮುಚ್ಚಿ, ಒಳಗಿನ ಸಾರನ್ನು ಬಹಳ ಹೊತ್ತು ಕುದಿಸಿದರು. ಒಳಗೆ ಒಂದೂ ಜೀವಿ ಹುಟ್ಟಲಿಲ್ಲ. 1765ರಲ್ಲಿ ಪ್ರಕಟವಾದ ಈ ಕೆಲಸ ಅವರಿಗೆ ಯುರೋಪಿನಾದ್ಯಂತ ಹೆಸರು ತಂದಿತು. ಆದರೆ ಹೈನುಗಾರಿಕೆಗೆ ಬೇಕಾದ ಕಥೆ ಶುರುವಾಗುವುದು ಇದರ ಹತ್ತು ವರ್ಷದ ನಂತರ.

ಹಿಮದಲ್ಲಿ ಇಟ್ಟಾಗ ಏನಾಯಿತು?

ಹಾಲೆಂಡಿನ ಲೀವೆನ್‌ಹೂಕ್ 1677ರಲ್ಲೇ ಸೂಕ್ಷ್ಮದರ್ಶಕದಡಿ ವೀರ್ಯಾಣುಗಳನ್ನು ಕಂಡಿದ್ದರು. ಬಾಲ ಬಡಿಯುತ್ತ ಓಡಾಡುವ ಈ ಪುಟಾಣಿಗಳು ಏನು, ಯಾತಕ್ಕಾಗಿ ಇವೆ ಎಂಬುದು ನೂರು ವರ್ಷ ಕಳೆದರೂ ಬಗೆಹರಿದಿರಲಿಲ್ಲ. ಹೊಟ್ಟೆಯಲ್ಲಿ ಜಂತುಹುಳು ಇರುವ ಹಾಗೆ ವೀರ್ಯದಲ್ಲಿ ಬದುಕುವ ಪರಾವಲಂಬಿಗಳು ಎಂದೇ ಹಲವರು ತಿಳಿದಿದ್ದರು.

ಸ್ಪಲ್ಲಾಂಜಾನಿ ಅವುಗಳ ಸ್ವಭಾವ ತಿಳಿಯಲು ಬಗೆಬಗೆಯಾಗಿ ಪರೀಕ್ಷಿಸಿದರು. ಹಾಗೆ ಮಾಡುವಾಗ ವೀರ್ಯವನ್ನು ಹಿಮದಲ್ಲಿಟ್ಟು ತಣ್ಣಗಾಗಿಸಿ ನೋಡಿದರು. ಚಳಿ ತಗುಲಿದ ವೀರ್ಯಾಣುಗಳ ಓಡಾಟ ನಿಧಾನವಾಯಿತು, ಕೊನೆಗೆ ನಿಂತೇಹೋಯಿತು. ಬೇರೆಯವರಾಗಿದ್ದರೆ ಸತ್ತವು ಎಂದು ಬರೆದು ಚೆಲ್ಲಿಬಿಡುತ್ತಿದ್ದರೇನೋ. ಅವರು ಮತ್ತೆ ಬೆಚ್ಚಗೆ ಮಾಡಿದರು. ನಿಂತಿದ್ದ ಬಾಲಗಳು ಮತ್ತೆ ಆಡಿದವು!

1776ರ ಈ ಗಮನಿಕೆಯನ್ನೇ ಇಂದು ವೀರ್ಯ ಶೀತಲೀಕರಣದ ಇತಿಹಾಸದ ಮೊದಲ ಪುಟ ಎಂದು ಪಶುವೈದ್ಯಕೀಯ ಪುಸ್ತಕಗಳು ಹೇಳುತ್ತವೆ. ಚಲನೆ ನಿಲ್ಲುವುದು ಬೇರೆ, ಜೀವ ಹೋಗುವುದು ಬೇರೆ ಎಂಬುದು ಅಲ್ಲಿ ಮೊದಲ ಬಾರಿಗೆ ಕಣ್ಣಿಗೆ ಬಿತ್ತು. ಅದೇ ವರ್ಷದ ಪುಸ್ತಕದಲ್ಲಿ ಅವರು ಇನ್ನೊಂದು ಅಚ್ಚರಿಯನ್ನೂ ದಾಖಲಿಸಿದ್ದರು. ಮಾಡಿನ ಮೇಲಿನ ಮರಳಲ್ಲಿ ಪೂರ್ತಿ ಒಣಗಿ ಹುಡಿಯಂತಾದ ಸೂಕ್ಷ್ಮ ಜೀವಿಗಳು ನೀರು ಬಿದ್ದೊಡನೆ ಎದ್ದು ನಡೆಯುತ್ತಿದ್ದವು. ಅವುಗಳಲ್ಲೊಂದಕ್ಕೆ ನಿಧಾನವಾಗಿ ನಡೆಯುವುದು ಎಂಬರ್ಥದ ಟಾರ್ಡಿಗ್ರೇಡ್ ಎಂಬ ಹೆಸರಿಟ್ಟವರೂ ಅವರೇ. ಇವತ್ತು ಯೂಟ್ಯೂಬ್‌ನಲ್ಲಿ 'ಸಾಯದ ಪ್ರಾಣಿ' ಎಂದು ಲಕ್ಷಾಂತರ ಮಂದಿ ನೋಡುವುದು ಅದನ್ನೇ. ಜೀವವನ್ನು ತಡೆದು ನಿಲ್ಲಿಸಿ ಮತ್ತೆ ಹೊರಡಿಸಬಹುದೇ ಎಂಬ ಪ್ರಶ್ನೆ ಅವರ ತಲೆಯಲ್ಲಿ ಬಲವಾಗಿ ಕೂತಿತ್ತು ಎನ್ನಲು ಇದಕ್ಕಿಂತ ಸಾಕ್ಷಿ ಬೇಡ.

ಕಪ್ಪೆಯ ಚಡ್ಡಿ, ನಾಯಿಯ ಮರಿಗಳು

ಕಪ್ಪೆಗಳಲ್ಲಿ ಗಂಡು ಹೆಣ್ಣನ್ನು ಅಪ್ಪಿ ಹಿಡಿದಿರುತ್ತದೆ. ಹೆಣ್ಣು ಮೊಟ್ಟೆ ಬಿಡುತ್ತಿದ್ದಂತೆ ಗಂಡು ಅದರ ಮೇಲೆ ವೀರ್ಯ ಬಿಡುತ್ತದೆಯೇ ಎಂಬುದು ಆಗ ಖಚಿತವಿರಲಿಲ್ಲ. ಸ್ಪಲ್ಲಾಂಜಾನಿ ಗಂಡು ಕಪ್ಪೆಗಳಿಗೆ ನೀರು ಸೋರದ ರೇಷ್ಮೆ ಬಟ್ಟೆಯ ಪುಟ್ಟ ಚಡ್ಡಿ ತೊಡಿಸಿದರು. ಚಡ್ಡಿ ತೊಟ್ಟ ಕಪ್ಪೆಗಳ ಜೋಡಿ ಇಟ್ಟ ಮೊಟ್ಟೆಗಳು ಮರಿಯಾಗಲಿಲ್ಲ. ಚಡ್ಡಿಯೊಳಗೆ ಸಿಕ್ಕ ದ್ರವದ ಹನಿಯನ್ನು ಮೊಟ್ಟೆಗಳಿಗೆ ತಾಗಿಸಿದಾಗ ಗೊದಮೊಟ್ಟೆಗಳು ಹುಟ್ಟಿದವು. ಓದಿ ನಗು ಬರಬಹುದು, ಆದರೆ ಪ್ರಯೋಗದ ಮಟ್ಟಿಗೆ ಇದರಲ್ಲಿ ಕೂದಲೆಳೆಯಷ್ಟೂ ಸಂದು ಸಿಗುವುದಿಲ್ಲ.

ನಂತರ ರೇಷ್ಮೆ ಚಿಟ್ಟೆ. ಅದರಲ್ಲೂ ಗೆದ್ದ ಮೇಲೆ ಹಾಲುಣಿಸುವ ಪ್ರಾಣಿಯಲ್ಲಿ ಏಕಾಗಬಾರದು ಎಂಬ ಆಸೆ ಹುಟ್ಟಿತು. ಹಿಂದೊಮ್ಮೆ ಮರಿ ಹಾಕಿದ್ದ ಒಂದು ಹೆಣ್ಣು ನಾಯಿಯನ್ನು ಕೋಣೆಯಲ್ಲಿ ಕೂಡಿಹಾಕಿ, ಕೀಲಿಕೈ ತಾವೇ ಇಟ್ಟುಕೊಂಡರು. ಬೇರಾವ ಗಂಡು ನಾಯಿಯೂ ಹತ್ತಿರ ಸುಳಿಯದಂತೆ ನೋಡಿಕೊಂಡರು. ಅದು ಬೆದೆಗೆ ಬಂದಾಗ ಗಂಡು ನಾಯಿಯ ವೀರ್ಯವನ್ನು ಸಿರಿಂಜಿನಲ್ಲಿ ತೆಗೆದುಕೊಂಡು ಗರ್ಭಕೋಶದೊಳಗೆ ಬಿಟ್ಟರು. ಇಲ್ಲೊಂದು ಸಣ್ಣ ಸಂಗತಿ ಗಮನಿಸಬೇಕು. ಬಳಸುವ ಮೊದಲು ಸಿರಿಂಜನ್ನು ದೇಹದ ಶಾಖಕ್ಕೆ ಬೆಚ್ಚಗೆ ಮಾಡಿಕೊಂಡಿದ್ದರು. ತಣ್ಣನೆಯ ಲೋಹ ತಗುಲಿದರೆ ವೀರ್ಯ ಕೆಡುತ್ತದೆ ಎಂಬ ಎಚ್ಚರ ಅವರಿಗಿತ್ತು.

62 ದಿನಗಳ ಬಳಿಕ ನಾಯಿ ಮೂರು ಮರಿ ಹಾಕಿತು. ಎರಡು ಗಂಡು, ಒಂದು ಹೆಣ್ಣು. ಬಣ್ಣದಲ್ಲೂ ಆಕಾರದಲ್ಲೂ ತಾಯಿಯನ್ನಷ್ಟೇ ಅಲ್ಲ, ವೀರ್ಯ ಕೊಟ್ಟ ನಾಯಿಯನ್ನೂ ಹೋಲುತ್ತಿದ್ದವು. 1780ರಲ್ಲಿ ಹೊರಬಂದ ಪುಸ್ತಕದಲ್ಲಿ ಈ ವಿವರಗಳಿವೆ. ಸಸ್ತನಿಯಲ್ಲಿ ವಿಜ್ಞಾನದ ಕ್ರಮದಲ್ಲಿ ದಾಖಲಾದ ಮೊದಲ ಕೃತಕ ಗರ್ಭಧಾರಣೆ ಇದೇ.

ಕೈಗೆ ಬಂದದ್ದು ಬಾಯಿಗೆ ಬರಲಿಲ್ಲ

ಇಷ್ಟೆಲ್ಲ ಮಾಡಿದ ಮನುಷ್ಯ, ಗರ್ಭ ಕಟ್ಟಲು ವೀರ್ಯಾಣುವೇ ಕಾರಣ ಎಂದು ಮಾತ್ರ ಒಪ್ಪಲೇ ಇಲ್ಲ ಎಂದರೆ ನಂಬುತ್ತೀರಾ?

ಕಪ್ಪೆಯ ವೀರ್ಯವನ್ನು ಹಲವು ಪದರದ ಒತ್ತುಕಾಗದದಲ್ಲಿ ಅವರು ಸೋಸಿದರು. ಕೆಳಗೆ ಇಳಿದ ತಿಳಿಗೆ ಮೊಟ್ಟೆ ಫಲಿಸುವ ಶಕ್ತಿ ಇರಲಿಲ್ಲ. ಕಾಗದದ ಮೇಲೆ ಉಳಿದ ಚರಟವನ್ನು ನೀರಲ್ಲಿ ಕದಡಿ ಹಾಕಿದಾಗ ಮೊಟ್ಟೆಗಳು ಫಲಿಸಿದವು. ಕಾಗದದ ಮೇಲೆ ಉಳಿದಿದ್ದು ಏನೆಂದು ಇಂದು ಹೈಸ್ಕೂಲ್ ಮಕ್ಕಳಿಗೂ ಗೊತ್ತು. ಆದರೆ ಸ್ಪಲ್ಲಾಂಜಾನಿ, ವೀರ್ಯದ ದಪ್ಪ ಭಾಗದಲ್ಲಿ ಶಕ್ತಿ ಇದೆ ಎಂದಷ್ಟೇ ಹೇಳಿ ಮುಂದೆ ಹೋದರು. ಏಕೆಂದರೆ ಅವರು ಹಿಡಿದಿದ್ದ ಸಿದ್ಧಾಂತವೇ ಬೇರೆ. ಮರಿ ಮೊದಲೇ ಮೊಟ್ಟೆಯೊಳಗೆ ಮಡಚಿ ಕೂತಿರುತ್ತದೆ, ವೀರ್ಯದ ದ್ರವ ಅದನ್ನು ಎಬ್ಬಿಸುತ್ತದೆ ಅಷ್ಟೇ ಎಂಬ ಅಂದಿನ ನಂಬಿಕೆ ಅವರದ್ದೂ ಆಗಿತ್ತು. ಜಿನೀವಾದ ಗೆಳೆಯ, ಹಿರಿಯ ವಿಜ್ಞಾನಿ ಚಾರ್ಲ್ಸ್ ಬೊನೆ ಕೂಡ ಅದೇ ಪಕ್ಷದವರು. ಅಪ್ಪ ನಾಯಿಯನ್ನು ಹೋಲುವ ಮರಿಗಳು ಕಣ್ಣೆದುರೇ ಆಡುತ್ತಿದ್ದರೂ ಆ ಪಟ್ಟು ಸಡಿಲವಾಗಲಿಲ್ಲ.

1824ರಲ್ಲಿ ಪ್ರೆವೋ ಮತ್ತು ದ್ಯೂಮಾ ಎಂಬ ಇಬ್ಬರು ಅದೇ ಸೋಸುವ ಪ್ರಯೋಗವನ್ನು ಮತ್ತೆ ಮಾಡಿ, ವೀರ್ಯಾಣು ಇಲ್ಲದೆ ಗರ್ಭವಿಲ್ಲ ಎಂದು ನೇರವಾಗಿ ಹೇಳಿದರು. ಆ ಹೊತ್ತಿಗೆ ಸ್ಪಲ್ಲಾಂಜಾನಿ ತೀರಿಕೊಂಡು 25 ವರ್ಷವಾಗಿತ್ತು.

ಕಳ್ಳತನದ ಆರೋಪ

ಅವರ ಬದುಕಿನಲ್ಲಿ ಇಂದಿನ ಸುದ್ದಿವಾಹಿನಿಗಳಿಗೆ ಹೇಳಿ ಮಾಡಿಸಿದಂಥ ಪ್ರಕರಣವೂ ಒಂದಿದೆ. 1785ರಲ್ಲಿ ಅವರು ಕಾನ್‌ಸ್ಟಾಂಟಿನೋಪಲ್, ಅಂದರೆ ಇಂದಿನ ಇಸ್ತಾಂಬುಲ್ ಪ್ರವಾಸಕ್ಕೆ ಹೊರಟರು. ಅವರಿಲ್ಲದ ಸಮಯ ನೋಡಿ ಪಾವಿಯಾದ ಕೆಲವು ಸಹೋದ್ಯೋಗಿಗಳು, ವಿಶ್ವವಿದ್ಯಾಲಯದ ಸಂಗ್ರಹಾಲಯದ ವಸ್ತುಗಳನ್ನು ಅವರು ಸ್ಕಾಂಡಿಯಾನೊದ ತಮ್ಮ ಮನೆಗೆ ಸಾಗಿಸಿದ್ದಾರೆ ಎಂದು ದೂರು ಕೊಟ್ಟರು. ಮುಂಚೂಣಿಯಲ್ಲಿದ್ದವರು ಸಂಗ್ರಹಾಲಯದ ಮೇಲ್ವಿಚಾರಕ ಸೆರಾಫಿನೊ ವೋಲ್ಟಾ. ಬ್ಯಾಟರಿ ಕಂಡುಹಿಡಿದ ಅಲೆಸ್ಸಾಂಡ್ರೊ ವೋಲ್ಟಾ ಇವರಲ್ಲ, ಅವರೂ ಅದೇ ವಿಶ್ವವಿದ್ಯಾಲಯದಲ್ಲಿದ್ದುದರಿಂದ ಗೊಂದಲವಾಗುವುದು ಸಹಜ.

ವಿಷಯ ಆಸ್ಟ್ರಿಯಾದ ಚಕ್ರವರ್ತಿ ಎರಡನೇ ಜೋಸೆಫ್‌ವರೆಗೆ ಹೋಯಿತು. ವಿಚಾರಣೆ ನಡೆದು ಸ್ಪಲ್ಲಾಂಜಾನಿ ನಿರ್ದೋಷಿ ಎಂದು ತೀರ್ಮಾನವಾಯಿತು, ಸೆರಾಫಿನೊ ಕೆಲಸ ಕಳೆದುಕೊಂಡರು. ಪಾವಿಯಾಕ್ಕೆ ಮರಳಿದ ಗುರುವನ್ನು ವಿದ್ಯಾರ್ಥಿಗಳು ಜಯಕಾರ ಹಾಕಿ ಬರಮಾಡಿಕೊಂಡಿದ್ದರು.

ಆಮೇಲೂ ಅವರು ಸುಮ್ಮನೆ ಕೂರಲಿಲ್ಲ. 1788ರಲ್ಲಿ ವೆಸೂವಿಯಸ್, ಸ್ಟ್ರಾಂಬೋಲಿ, ಎಟ್ನಾ ಜ್ವಾಲಾಮುಖಿಗಳನ್ನು ಹತ್ತಿ ಬಂದರು. ಅರವತ್ತು ದಾಟಿದ ಮೇಲೆ ಬಾವಲಿಗಳ ಬೆನ್ನು ಹತ್ತಿದರು. ಕಣ್ಣು ಕಳೆದುಕೊಂಡ ಬಾವಲಿ ಕತ್ತಲಲ್ಲಿ ಎಲ್ಲಿಯೂ ಡಿಕ್ಕಿ ಹೊಡೆಯದೆ ಹಾರುವುದನ್ನೂ, ಕಿವಿ ಮುಚ್ಚಿದರೆ ತಡವರಿಸುವುದನ್ನೂ ದಾಖಲಿಸಿದರು. ಇದಕ್ಕೆ ಉತ್ತರ, ಅಂದರೆ ಬಾವಲಿಯ ಕೂಗಿನ ಪ್ರತಿಧ್ವನಿ, ಸಿಕ್ಕಿದ್ದು 20ನೇ ಶತಮಾನದಲ್ಲಿ. ಪ್ರಶ್ನೆ ಕೇಳಿಟ್ಟು ಉತ್ತರಕ್ಕೆ ಒಂದೂವರೆ ಶತಮಾನ ಕಾಯಿಸುವುದು ಈ ಮನುಷ್ಯನ ಅಭ್ಯಾಸವೇ ಇರಬೇಕು.

1799ರ ಫೆಬ್ರುವರಿಯಲ್ಲಿ ಪಾವಿಯಾದಲ್ಲಿ ಅವರು ಕೊನೆಯುಸಿರೆಳೆದರು. ಮೂತ್ರಕೋಶದ ಕಾಯಿಲೆ ಅವರನ್ನು ಬಹಳ ಕಾಡಿತ್ತು. ಸತ್ತ ಮೇಲೆ ಆ ಮೂತ್ರಕೋಶವನ್ನು ಹೊರತೆಗೆದು ಕಾಪಿಡಲಾಯಿತು. ಅದು ಇಂದಿಗೂ ಪಾವಿಯಾದ ವಸ್ತುಸಂಗ್ರಹಾಲಯದಲ್ಲಿದೆ.

ಲೇಬಲ್ ತಪ್ಪಿದ ಬಾಟಲಿ

ಹಿಮದಲ್ಲಿ ನಿಂತ ವೀರ್ಯಾಣು ಮತ್ತೆ ಓಡಿದ್ದು ಸರಿ. ಆದರೆ ಹಿಮದ ತಂಪು ಸೊನ್ನೆ ಡಿಗ್ರಿಯ ಆಸುಪಾಸಿನದು, ಅಲ್ಲಿ ವೀರ್ಯ ಬಹಳ ದಿನ ಉಳಿಯದು. ವರ್ಷಗಟ್ಟಲೆ ಇಡಬೇಕೆಂದರೆ ಇನ್ನೂ ಆಳದ ಚಳಿ ಬೇಕು, ಅಲ್ಲಿಗೆ ಹೋದ ಕೋಶಗಳು ಸಾಯುತ್ತಿದ್ದವು. ಈ ಗೋಡೆ ಬಿದ್ದದ್ದು ಲಂಡನ್ನಿನ ಮಿಲ್ ಹಿಲ್‌ನಲ್ಲಿದ್ದ ರಾಷ್ಟ್ರೀಯ ವೈದ್ಯಕೀಯ ಸಂಶೋಧನಾ ಸಂಸ್ಥೆಯಲ್ಲಿ.

ಇಪ್ಪತ್ತರ ಹರೆಯದ ಕ್ರಿಸ್ ಪೋಲ್ಜ್, ಆಡ್ರಿ ಸ್ಮಿತ್, ಅಲನ್ ಪಾರ್ಕ್ಸ್ ಅಲ್ಲಿ ಹುಂಜದ ವೀರ್ಯವನ್ನು ಹಣ್ಣಿನ ಸಕ್ಕರೆಯ ದ್ರಾವಣದಲ್ಲಿ ಹೆಪ್ಪುಗಟ್ಟಿಸಲು ಹೆಣಗುತ್ತಿದ್ದರು. ಫಲ ಸಿಕ್ಕಿರಲಿಲ್ಲ. ತಂಪು ಕೋಣೆಯಲ್ಲಿಟ್ಟಿದ್ದ ಹಳೆಯ ಬಾಟಲಿಯ ದ್ರಾವಣ ಬಳಸಿದಾಗ ಇದ್ದಕ್ಕಿದ್ದಂತೆ ವೀರ್ಯಾಣುಗಳು ಬದುಕಿ ಬಂದವು. ಹೊಸದಾಗಿ ಸಕ್ಕರೆ ದ್ರಾವಣ ಮಾಡಿದರೆ ಮತ್ತೆ ಸೋಲು. ಉಳಿದಿದ್ದ ಚೂರು ದ್ರಾವಣವನ್ನು ಪರೀಕ್ಷೆಗೆ ಕಳುಹಿಸಿದಾಗ ಅದರಲ್ಲಿ ಸಕ್ಕರೆಯೇ ಇರಲಿಲ್ಲ! ಲೇಬಲ್ ಅದಲುಬದಲಾಗಿ, ಬೇರೆ ಕೆಲಸಕ್ಕೆ ಇಟ್ಟಿದ್ದ ಗ್ಲಿಸರಾಲ್ ಮತ್ತು ಮೊಟ್ಟೆಯ ಬಿಳಿಯ ಮಿಶ್ರಣ ಅವರ ಕೈಗೆ ಬಂದಿತ್ತು. ಕೋಶವನ್ನು ಕಾಪಾಡಿದ್ದು ಗ್ಲಿಸರಾಲ್. 1949ರಲ್ಲಿ ಈ ಫಲಿತಾಂಶ ಪ್ರಕಟವಾಯಿತು. 1951ರಲ್ಲಿ ಹೆಪ್ಪುಗಟ್ಟಿಸಿದ ವೀರ್ಯದಿಂದ ಮೊದಲ ಕರು ಹುಟ್ಟಿದ ವರದಿ ಬಂತು.

ನಳಿಕೆಯೊಳಗೆ ಕೋಶ ಪಡುವ ಪಾಡು

ಗ್ಲಿಸರಾಲ್ ಸಿಕ್ಕ ಮಾತ್ರಕ್ಕೆ ವೀರ್ಯಾಣುವಿನ ಕಷ್ಟ ಮುಗಿಯಲಿಲ್ಲ. ವೀರ್ಯ ಕೇಂದ್ರದಲ್ಲಿ ಹೋರಿಯಿಂದ ಪಡೆದ ವೀರ್ಯವನ್ನು ಮೊದಲು ಪರೀಕ್ಷಿಸಿ, ಮೊಟ್ಟೆಯ ಹಳದಿ ಮತ್ತು ಗ್ಲಿಸರಾಲ್ ಬೆರೆತ ದ್ರಾವಣದಲ್ಲಿ ತೆಳು ಮಾಡುತ್ತಾರೆ. ಆಮೇಲೆ ನಿಧಾನವಾಗಿ 4–5 ಡಿಗ್ರಿಗೆ ಇಳಿಸಿ ಕೆಲವು ಗಂಟೆ ಹಾಗೇ ಬಿಡುತ್ತಾರೆ. ಕಾಲು ಮಿಲಿಲೀಟರ್‌ನ ನಳಿಕೆಗಳಿಗೆ ತುಂಬಿ, ದ್ರವ ಸಾರಜನಕದ ಆವಿಯಲ್ಲಿ ಹೆಪ್ಪುಗಟ್ಟಿಸಿ, ಕೊನೆಗೆ ಮೈನಸ್ 196 ಡಿಗ್ರಿಯ ಸಾರಜನಕದಲ್ಲಿ ಮುಳುಗಿಸುತ್ತಾರೆ. ಈ ಪ್ರತಿ ಮೆಟ್ಟಿಲಲ್ಲೂ ಒಂದಷ್ಟು ಕೋಶಗಳು ಪೆಟ್ಟು ತಿನ್ನುತ್ತವೆ.

ಮೊದಲ ಪೆಟ್ಟು ಬೀಳುವುದು ಹೆಪ್ಪುಗಟ್ಟುವ ಎಷ್ಟೋ ಮೊದಲೇ. ವೀರ್ಯಾಣುವಿನ ಹೊರಪೊರೆ ಕೊಬ್ಬಿನ ಕಣಗಳಿಂದ ಆಗಿದೆ. ಚಳಿಗಾಲದ ಬೆಳಿಗ್ಗೆ ತುಪ್ಪದ ಡಬ್ಬಿ ನೋಡಿದರೆ ಅರ್ಧ ಗಟ್ಟಿ, ಅರ್ಧ ತೆಳು ಇರುತ್ತದಲ್ಲ, ಪೊರೆಗೂ ಹಾಗೆಯೇ ಆಗುತ್ತದೆ. ಬೇರೆ ಬೇರೆ ಕೊಬ್ಬು ಬೇರೆ ಬೇರೆ ತಾಪಮಾನದಲ್ಲಿ ಗಟ್ಟಿಯಾಗುವಾಗ ನಡುವೆ ಬಿರುಕು ಬಿಡುತ್ತದೆ. ಆ ಬಿರುಕಿನಿಂದ ಕ್ಯಾಲ್ಸಿಯಂ ಒಳನುಗ್ಗುತ್ತದೆ. ಬೇಗ ಬೇಗ ತಣಿಸಿದರೆ ವೀರ್ಯಾಣುಗಳು ಬಾಲ ಸುತ್ತಿಕೊಂಡು ಗಿರಗಿರನೆ ಅಲ್ಲೇ ಸುತ್ತತೊಡಗುತ್ತವೆ. ಇದನ್ನು ಶೀತ ಆಘಾತ ಎನ್ನುತ್ತಾರೆ. ಮೊಟ್ಟೆಯ ಹಳದಿ ಹಾಕುವುದು ಈ ಪೊರೆಯನ್ನು ಕಾಯಲಿಕ್ಕೆ. ಹಸುವನ್ನು ಪೂಜಿಸಿ ಮೊಟ್ಟೆ ಮುಟ್ಟದ ಎಷ್ಟೋ ಮನೆಗಳ ಕೊಟ್ಟಿಗೆಗೆ ಕರು ಬಂದದ್ದು ಕೋಳಿಮೊಟ್ಟೆಯ ಕೃಪೆಯಿಂದ ಎಂಬುದು ಹಲವರಿಗೆ ಗೊತ್ತಿರಲಿಕ್ಕಿಲ್ಲ.

ಎರಡನೆಯದು ಮಂಜುಗಡ್ಡೆಯ ಆಟ. ಐಸ್‌ಕ್ಯಾಂಡಿ ಚೀಪಿದವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ: ಸಿಹಿಯೆಲ್ಲ ಮೊದಲು ಬಂದು, ಕಡ್ಡಿಯಲ್ಲಿ ಸಪ್ಪೆ ಮಂಜುಗಡ್ಡೆ ಉಳಿಯುತ್ತದೆ. ನೀರು ಗಟ್ಟಿಯಾಗುವಾಗ ತನ್ನಲ್ಲಿರುವ ಉಪ್ಪು, ಸಕ್ಕರೆಯನ್ನು ಹೊರಗೆ ತಳ್ಳುತ್ತದೆ. ನಳಿಕೆಯಲ್ಲೂ ಕೋಶದ ಹೊರಗಿನ ನೀರು ಮೊದಲು ಮಂಜಾಗಿ, ಉಳಿದ ದ್ರವ ಕಡು ಉಪ್ಪಾಗುತ್ತದೆ. ಕೋಶದೊಳಗಿನ ನೀರು ಹೊರಗೆ ಸೆಳೆಯಲ್ಪಟ್ಟು ಅದು ಬತ್ತಿಹೋಗುತ್ತದೆ. ತೀರಾ ನಿಧಾನವಾದರೆ ಬತ್ತಿ ಸಾಯುತ್ತದೆ, ತೀರಾ ವೇಗವಾದರೆ ನೀರು ಹೊರಬರಲು ಸಮಯ ಸಿಗದೆ ಒಳಗೇ ಮಂಜಿನ ಹರಳು ಕಟ್ಟಿ ಸಾಯುತ್ತದೆ. ಎರಡರ ನಡುವಿನ ಇಕ್ಕಟ್ಟಾದ ದಾರಿಯಲ್ಲಿ ಗ್ಲಿಸರಾಲ್ ಕೈ ಹಿಡಿಯುತ್ತದೆ. ಆದರೆ ಅದೇ ಗ್ಲಿಸರಾಲ್ ಹೆಚ್ಚಾದರೆ ಕೋಶಕ್ಕೆ ವಿಷ.

ಮೇಕೆ, ಕುದುರೆಗಳ ವೀರ್ಯಕ್ಕೆ ಇನ್ನೊಂದು ಹಂತವಿದೆ. ಹೋತದ ವೀರ್ಯದ ದ್ರವದಲ್ಲಿರುವ ಒಂದು ಕಿಣ್ವ ಮೊಟ್ಟೆಯ ಹಳದಿಯ ಜತೆ ಸೇರಿ ಕೋಶಗಳಿಗೆ ಹಾನಿ ಮಾಡುತ್ತದೆ. ಹಾಗಾಗಿ ಯಂತ್ರದಲ್ಲಿ ತಿರುಗಿಸಿ ದ್ರವ ಬೇರ್ಪಡಿಸುವ ಪದ್ಧತಿ ಇದೆ. ಆ ರಭಸಕ್ಕೇ ಕೆಲವು ಕೋಶಗಳ ಪೊರೆ, ಬಾಲ ಹಾಳಾಗುತ್ತವೆ. ಕಾಪಾಡಲು ಮಾಡುವ ಕೆಲಸವೇ ಗಾಯ ಮಾಡುತ್ತದೆ.

ಇವೆಲ್ಲ ದಾಟಿ ಬದುಕುವುದು ಹೋರಿಯ ವೀರ್ಯದಲ್ಲಿ ಸರಿಸುಮಾರು ಅರ್ಧ. ಭಾರತದ ಮಾನದಂಡದ ಪ್ರಕಾರ ಒಂದು ನಳಿಕೆಯಲ್ಲಿ 2 ಕೋಟಿ ವೀರ್ಯಾಣು ಇರಬೇಕು, ಕರಗಿಸಿದ ಮೇಲೆ ಕನಿಷ್ಠ ಶೇ 50ರಷ್ಟು ಮುಂದಕ್ಕೆ ಓಡುತ್ತಿರಬೇಕು. ಓಡುವುದೆಲ್ಲ ಪೂರ್ತಿ ಗಟ್ಟಿಮುಟ್ಟಾಗಿದೆ ಎಂದೂ ಅಲ್ಲ. ಹಸುವಿನ ಗರ್ಭದ ದಾರಿಯಲ್ಲಿ ಗಂಟೆಗಟ್ಟಲೆ ಇದ್ದು ಆಗಬೇಕಾದ ಕೆಲವು ಬದಲಾವಣೆಗಳು ಚಳಿಯ ಪೆಟ್ಟಿಗೆ ಮೊದಲೇ ಆಗಿಬಿಟ್ಟಿರುತ್ತವೆ. ಅಂಥ ವೀರ್ಯಾಣುಗಳ ಆಯಸ್ಸು ಕಡಿಮೆ. ಹೋರಿ ಹಾರಿದಾಗಿನಷ್ಟು ಹೊತ್ತು ಅವು ಕಾಯಲಾರವು. ಬೆಳಿಗ್ಗೆ ಬೆದೆಗೆ ಬಂದರೆ ಸಂಜೆ, ಸಂಜೆ ಬಂದರೆ ಮರುದಿನ ಬೆಳಿಗ್ಗೆ ಕೊಡಿಸಿ ಎಂದು ಪಶುವೈದ್ಯರು ಹೇಳುವುದು ಇದಕ್ಕೇ. ಸಮಯ ತಪ್ಪಿದರೆ ಒಳ್ಳೆಯ ನಳಿಕೆಯೂ ವ್ಯರ್ಥ.

ಮೈಸೂರು, ಹೆಸರಘಟ್ಟ ಮತ್ತು ಮುಂಬೈ ತಬೇಲಾ

ಭಾರತದಲ್ಲಿ ದನಗಳ ಕೃತಕ ಗರ್ಭಧಾರಣೆ ಮೊದಲು ನಡೆದದ್ದು ಕನ್ನಡ ನಾಡಿನಲ್ಲೇ. 1939ರಲ್ಲಿ ಮೈಸೂರಿನ ಅರಮನೆ ಡೈರಿ ಫಾರಂನಲ್ಲಿ ಸಂಪತ್ ಕುಮಾರನ್ ಅವರು ಹಳ್ಳಿಕಾರ್ ಹಸುಗಳಿಗೆ ಹೋಲ್‌ಸ್ಟೀನ್ ಫ್ರೀಜಿಯನ್ ಹೋರಿಯ ವೀರ್ಯ ಬಳಸಿ 33 ಹಸುಗಳಲ್ಲಿ ಗಬ್ಬ ನಿಲ್ಲಿಸಿದ್ದರು. ಆಗಿನ್ನೂ ಗ್ಲಿಸರಾಲ್ ಗುಟ್ಟು ಗೊತ್ತಿರಲಿಲ್ಲ. 1943ರಲ್ಲಿ ಅಲಹಾಬಾದ್ ಕೃಷಿ ಸಂಸ್ಥೆಯಲ್ಲಿ ಈ ವಿಧಾನದಿಂದ ಮೊದಲ ಎಮ್ಮೆ ಕರು ಹುಟ್ಟಿತು. ಬೆಂಗಳೂರಿನ ಹೊರವಲಯದ ಹೆಸರಘಟ್ಟದಲ್ಲಿ 1969ರಲ್ಲಿ ಡೆನ್ಮಾರ್ಕ್ ನೆರವಿನೊಂದಿಗೆ ಕೇಂದ್ರ ಸರ್ಕಾರದ ಘನೀಕೃತ ವೀರ್ಯ ಉತ್ಪಾದನಾ ಮತ್ತು ತರಬೇತಿ ಸಂಸ್ಥೆ ಶುರುವಾಯಿತು.

ಮುಂಬೈ ಕಡೆಯ ಕಥೆ ಬೇರೆ. ಇಲ್ಲಿ ಹಾಲೆಂದರೆ ಹೆಚ್ಚಾಗಿ ಎಮ್ಮೆ ಹಾಲು. ಥಾಣೆ, ಕಲ್ಯಾಣ, ಭಿವಂಡಿ ಸುತ್ತಲಿನ ತಬೇಲಾಗಳ ಹಳೆಯ ಪದ್ಧತಿ ಎಂದರೆ, ಹರಿಯಾಣ, ಗುಜರಾತ್‌ನಿಂದ ಆಗತಾನೇ ಕರು ಹಾಕಿದ ಒಳ್ಳೆಯ ಎಮ್ಮೆ ತಂದು ಕರೆಯುವುದು, ಹಾಲು ಬತ್ತಿದ ಮೇಲೆ ಮಾರಿಬಿಡುವುದು. ಇಕ್ಕಟ್ಟಿನ ಜಾಗದಲ್ಲಿ ಕೋಣ ಸಾಕಿ, ಮತ್ತೆ ಗಬ್ಬ ಕಟ್ಟಿಸಿ, ಕರು ಹಾಕುವವರೆಗೆ ಮೇವು ಹಾಕುವುದು ಲೆಕ್ಕಕ್ಕೆ ಕೂಡಿಬರುವುದಿಲ್ಲ. ಬತ್ತಿದ ಎಮ್ಮೆ ಬಹುಪಾಲು ಕಸಾಯಿಖಾನೆ ಸೇರುತ್ತಿತ್ತು. ಹೀಗೆ ದೇಶದ ಅತ್ಯುತ್ತಮ ಹಾಲಿನ ಎಮ್ಮೆಗಳ ತಳಿ ಒಂದೇ ಸೂಲಿಗೆ ಮುಗಿಯುತ್ತಿದ್ದುದು ಬಹಳ ಹಿಂದಿನಿಂದ ಚರ್ಚೆಯಾಗುತ್ತ ಬಂದ ಸಮಸ್ಯೆ. ಎಮ್ಮೆಗಳನ್ನು ನಗರದಿಂದ ಹೊರಕ್ಕೆ ಸಾಗಿಸಲು ಆರೆ ಹಾಲಿನ ಕಾಲೊನಿ ಹುಟ್ಟಿದ್ದು 1949ರಲ್ಲಿ. ಲಂಡನ್ನಿನಲ್ಲಿ ಗ್ಲಿಸರಾಲ್ ಸುದ್ದಿ ಹೊರಬಂದ ವರ್ಷವೂ ಅದೇ ಎಂಬುದು ಕೇವಲ ಕಾಕತಾಳೀಯ.

ಮುರ್ರಾ ಕೋಣದ ನಳಿಕೆ ಈಗ ಸಿಗುತ್ತದೆ ನಿಜ. ಆದರೆ ಎಮ್ಮೆಯ ವಿಷಯದಲ್ಲಿ ಚಳಿ ಇನ್ನೂ ಕಠೋರ. ಕೋಣದ ವೀರ್ಯಾಣುವಿನ ಪೊರೆಯ ಕೊಬ್ಬಿನ ರಚನೆ ಹೋರಿಯದಕ್ಕಿಂತ ಭಿನ್ನ, ಹೆಪ್ಪುಗಟ್ಟುವಾಗ ಅದು ಹೆಚ್ಚು ಪೆಟ್ಟು ತಿನ್ನುತ್ತದೆ. ಅದರ ಮೇಲೆ ಎಮ್ಮೆ ಬೆದೆಗೆ ಬಂದದ್ದೇ ತಿಳಿಯದ ಹಾಗೆ ಸದ್ದಿಲ್ಲದೆ ಇರುತ್ತದೆ, ಬೇಸಿಗೆಯಲ್ಲಂತೂ ಕೇಳುವುದೇ ಬೇಡ. ಎರಡೂ ಸೇರಿದಾಗ ಗಬ್ಬ ನಿಲ್ಲದ ಎಮ್ಮೆಗಳ ಸಂಖ್ಯೆ ಹೆಚ್ಚುತ್ತದೆ.

ಕೇಂದ್ರದಿಂದ ಹೊರಟ ನಳಿಕೆಗೆ ಕೊನೆಯ ಗಂಡಾಂತರ ಕಾದಿರುವುದು ಕೊಟ್ಟಿಗೆಯ ಬಾಗಿಲಲ್ಲಿ. ಜಾಡಿಯಲ್ಲಿ ಸಾರಜನಕ ಕಡಿಮೆಯಾಗಿದ್ದರೆ, ಬೇಕಾದ ನಳಿಕೆ ಹುಡುಕುತ್ತ ಉಳಿದವನ್ನು ಜಾಡಿಯ ಕತ್ತಿನ ಮೇಲಕ್ಕೆ ಎತ್ತಿ ಹಿಡಿದರೆ, ಒಳಗಿನ ಮಂಜಿನ ಹರಳುಗಳು ಬೆಳೆದು ಬದುಕಿದ್ದ ಕೋಶಗಳನ್ನೂ ಹರಿದುಹಾಕುತ್ತವೆ. ನೋಡಲು ನಳಿಕೆ ಹಾಗೆಯೇ ಇರುತ್ತದೆ. ಅಂಗೈಯಲ್ಲಿ ಉಜ್ಜಿ, ಜೇಬಿನಲ್ಲಿಟ್ಟು ಕರಗಿಸುವುದೂ ತಪ್ಪು. ನಿಧಾನವಾಗಿ ಕರಗಿದರೆ ಹೆಪ್ಪುಗಟ್ಟುವಾಗಿನ ಪೆಟ್ಟನ್ನೇ ಮತ್ತೊಮ್ಮೆ ಕೊಟ್ಟಂತೆ.

ನಿಯಮ ಇಷ್ಟೇ: 37 ಡಿಗ್ರಿ ಬಿಸಿಯ ನೀರು, 30 ಸೆಕೆಂಡ್. ನಳಿಕೆ ಒರೆಸಿ, ಬೆಚ್ಚಗಿನ ಗನ್‌ಗೆ ಹಾಕಿ, ತಡಮಾಡದೆ ಬಳಸಬೇಕು. ಇನ್ಸೆಮಿನೇಟರ್ ಬಂದಾಗ ಚೊಂಬಿನಲ್ಲಿ ಬಿಸಿನೀರು ಸಿದ್ಧವಿಟ್ಟು, ಥರ್ಮಾಮೀಟರ್ ಇದೆಯೇ ಎಂದು ಹೈನುಗಾರರು ಕೇಳುವುದರಲ್ಲಿ ತಪ್ಪೇನಿಲ್ಲ. ಪಾವಿಯಾದ ಪಾದ್ರಿ ನಾಯಿಯ ಕೋಣೆಗೆ ಹೋಗುವ ಮುನ್ನ ಸಿರಿಂಜನ್ನು ಬೆಚ್ಚಗೆ ಮಾಡಿಕೊಂಡದ್ದೂ ಹೆಚ್ಚುಕಡಿಮೆ ಅಷ್ಟೇ ಶಾಖಕ್ಕೆ.